ಯಹೂದಿಯರೇ ಇಸ್ರೇಲ್ ವಿರುದ್ಧ ಬೀದಿಗಿಳಿಯುವುದು ಯಾಕೆ? ಅಕ್ಕನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಅಕ್ಕ, ಇಲ್ಲಿ ಅಮೆರಿಕದಲ್ಲಿ ಮಗಳು ಕಾಲೇಜಿನ ಯಹೂದಿ ಗೆಳತಿಯ ಜೊತೆ ಗಾಜಾ ಪ್ರತಿಭಟನೆಗೆ ಹೋಗುತ್ತಿದ್ದಾಳೆ, "ಅವರೇ ಯಹೂದಿಯರು, ಅವರೇ ಇಸ್ರೇಲ್‌ಗೆ ವಿರುದ್ಧ, ಇದು ಹೇಗೆ?" ಅಂತ ಕೇಳಿದ್ದೀರಿ. ಒಬ್ಬರು "ಈಗಿನ ಹುಡುಗರ ಫ್ಯಾಷನ್" ಅಂತ ಬರೆದು ಕೈತೊಳೆದುಕೊಂಡರು. ಫ್ಯಾಷನ್ ಅಲ್ಲ. ಈ ಜಗಳ ನಮ್ಮ ಅಜ್ಜಂದಿರಿಗಿಂತ ಹಳೆಯದು.

1897ರ ಆಗಸ್ಟ್‌ನಲ್ಲಿ ಥಿಯೋಡೋರ್ ಹರ್ಜ್ಲ್ ಅನ್ನುವ ಯಹೂದಿ ಪತ್ರಕರ್ತ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಝಿಯೋನಿಸ್ಟ್ ಸಮ್ಮೇಳನ ಸೇರಿಸಿದ. ಯಹೂದಿಯರಿಗೆ ತಮ್ಮದೇ ನೆಲ ಬೇಕು ಅನ್ನುವುದು ಅವನ ವಾದ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಯಹೂದಿ ಕಾರ್ಮಿಕರು ಬುಂಡ್ ಅನ್ನುವ ಪಕ್ಷ ಕಟ್ಟಿದರು. ಬರಬರುತ್ತಾ ಅವರ ನಿಲುವು ಗಟ್ಟಿಯಾಯಿತು: ಹುಟ್ಟಿ ಬೆಳೆದ ಊರು ಬಿಟ್ಟು ನಾವ್ಯಾಕೆ ಹೋಗಬೇಕು? ನಮ್ಮ ಮನೆಮಾತು ಯಿಡ್ಡಿಷ್ ಮಾತಾಡಿಕೊಂಡು, ನಮ್ಮ ಶಾಲೆ ನಾವು ನಡೆಸಿಕೊಂಡು, ಇಲ್ಲೇ ಹಕ್ಕು ಕೇಳೋಣ. ಎರಡೂ ಗುಂಪು ಹೆದರಿದ್ದು ಯಹೂದಿಯರ ಮೇಲೆ ನಡೆಯುತ್ತಿದ್ದ ಒಂದೇ ಹಿಂಸೆಗೆ. ಹಿಡಿದ ದಾರಿ ಬೇರೆ.

ನಮಗೆ ಹೈಸ್ಕೂಲಿನಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಅಂತ ಬಾಯಿಪಾಠ ಮಾಡಿಸಿದ್ದರಲ್ಲ, ಆ ಎಡ್ವಿನ್ ಮಾಂಟೆಗು ಯಹೂದಿ. ಬ್ರಿಟಿಷ್ ಸರ್ಕಾರದಲ್ಲಿ ಭಾರತ ವ್ಯವಹಾರದ ಮಂತ್ರಿ. 1917ರಲ್ಲಿ ಬಾಲ್ಫರ್ ಘೋಷಣೆಯ, ಅಂದರೆ ಪ್ಯಾಲೆಸ್ಟೈನ್‌ನಲ್ಲಿ ಯಹೂದಿಯರಿಗೆ ನೆಲೆ ಕಟ್ಟಲು ಬ್ರಿಟನ್ ಬೆಂಬಲ ಸಾರುವ ಹೇಳಿಕೆಯ, ಕರಡು ಬಂದಾಗ ಸರ್ಕಾರದ ಒಳಗೇ ಕೂತು ಅದನ್ನು ವಿರೋಧಿಸಿದ. ಪ್ಯಾಲೆಸ್ಟೈನ್ ಯಹೂದಿಯರ ಮನೆ ಅಂತ ನೀವೇ ಸಾರಿದರೆ, ಉಳಿದ ದೇಶಗಳೆಲ್ಲ "ನಿಮ್ಮ ಮನೆಗೆ ಹೋಗಿ" ಅಂತ ನಮ್ಮನ್ನು ಅಟ್ಟುತ್ತವೆ ಅನ್ನುವುದು ಅವನ ಭಯ. ಈ ಮಾತು ಇಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೂ ಹೊಸದಲ್ಲ, ಅಲ್ವಾ? ಬೇರೆ ದೇಶಗಳ ಯಹೂದಿಯರ ಹಕ್ಕಿಗೆ ಧಕ್ಕೆ ಬರಬಾರದು ಅನ್ನುವ ಒಂದು ಸಾಲು ಘೋಷಣೆಯಲ್ಲಿ ಸೇರಿತು. ಘೋಷಣೆ ನಿಲ್ಲಲಿಲ್ಲ. ಅದು ಹೊರಬಿದ್ದಾಗ ಮಾಂಟೆಗು ಭಾರತದ ದಾರಿ ಹಿಡಿದಾಗಿತ್ತು.

ಆಮೇಲೆ ಹಿಟ್ಲರ್. ಪೋಲೆಂಡಿನ ಸುಮಾರು 33 ಲಕ್ಷ ಯಹೂದಿಯರಲ್ಲಿ 30 ಲಕ್ಷದಷ್ಟು ಜನ ಸತ್ತರು. ಬುಂಡ್ ನಂಬಿದ್ದ ಊರುಗಳೇ ಅಳಿಸಿಹೋದವು. ಬದುಕಿ ಉಳಿದ ಎಷ್ಟೋ ಜನಕ್ಕೆ ಹರ್ಜ್ಲ್ ಹೇಳಿದ್ದೇ ಸರಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಇದೂ ನಿಜ. ನಾಝಿಗಳು ಯಹೂದಿಯರನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ನಡೆದ ದಂಗೆಯ ನಾಯಕರಲ್ಲಿ ಒಬ್ಬನಾದ ಮಾರೆಕ್ ಎಡೆಲ್ಮನ್ ಬುಂಡ್‌ನವನು. ಅಷ್ಟೆಲ್ಲ ಕಂಡಮೇಲೂ ಇಸ್ರೇಲಿಗೆ ಹೋಗಲಿಲ್ಲ. ಪೋಲೆಂಡಿನ ಊಚ್ ನಗರದಲ್ಲಿ ಹೃದಯದ ಡಾಕ್ಟರಾಗಿ ಕೆಲಸ ಮಾಡಿದ, 2009ರಲ್ಲಿ ತೀರಿಕೊಂಡ.

ಇಲ್ಲಿನ ಯಹೂದಿಯರೆಲ್ಲ ಆ ಗೆಳತಿಯ ಥರ ಅಂದುಕೊಳ್ಳಬೇಡಿ. ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ ಯಹೂದಿಗಳಲ್ಲಿ ಹತ್ತಕ್ಕೆ ಎಂಟು ಜನ ಇಸ್ರೇಲ್ ಬಗ್ಗೆ ಕಾಳಜಿ ಯಹೂದಿತನದ ಮುಖ್ಯ ಭಾಗ ಅಂದಿದ್ದರು. ವಯಸ್ಸು ಕಮ್ಮಿಯಾದಂತೆ ಆ ನಂಟು ಸಡಿಲ. ಹಾಗಾಗಿ ಜಗಳ ಬೀದಿಗಿಂತ ಊಟದ ಮೇಜಿನಲ್ಲೇ ಜಾಸ್ತಿ.

ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ. ಪಕ್ಕದ ಮನೆಯವರು ಪಾಸೋವರ್ ಊಟಕ್ಕೆ ಕರೆದಿದ್ದರು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆ ಓದುವ ರಾತ್ರಿ. ಮನೆಯ ಅತಿ ಚಿಕ್ಕ ಮಗು "ಈ ರಾತ್ರಿ ಉಳಿದ ರಾತ್ರಿಗಳ ಹಾಗಲ್ಲ, ಯಾಕೆ?" ಅಂತ ಕೇಳಬೇಕು. ಈಜಿಪ್ಟಿನವರಿಗೆ ಬಂದ ಹತ್ತು ಪೀಡೆಗಳ ಹೆಸರು ಹೇಳುತ್ತಾ, ಒಂದೊಂದಕ್ಕೂ ಬೆರಳಲ್ಲಿ ಒಂದು ಹನಿ ವೈನ್ ತೆಗೆದು ತಟ್ಟೆಯ ಅಂಚಿಗೆ ಇಡುತ್ತಾರೆ, ನಮ್ಮಲ್ಲಿ ಚಿತ್ರಾಹುತಿ ಇಟ್ಟ ಹಾಗೆ. ಶತ್ರು ನರಳಿದ್ದಕ್ಕೂ ನಮ್ಮ ಸಂತೋಷ ಅಷ್ಟು ಕಡಿಮೆಯಾಗಲಿ ಅಂತ. ಆ ವರ್ಷ ಆ ಮನೆಯ ದೊಡ್ಡ ಮಗಳು ಸೆಡರ್ (ಈ ಹಬ್ಬದೂಟದ) ತಟ್ಟೆಯಲ್ಲಿ ಒಂದು ಆಲಿವ್ ಕಾಯಿ ಇಟ್ಟಿದ್ದಳು, ಪ್ಯಾಲೆಸ್ಟೀನಿಯರ ನೆನಪಿಗೆ. ಅವಳ ಮಾವನಿಗೆ ಸಿಟ್ಟು ನೆತ್ತಿಗೇರಿತು. "ಹಮಾಸ್ ಹಿಡಿದುಕೊಂಡು ಹೋದ ಒತ್ತೆಯಾಳುಗಳಿಗೆ ಏನಿಟ್ಟಿದ್ದೀಯ?" ಅಂದ. ಅವಳು ಪಕ್ಕದಲ್ಲಿದ್ದ ಖಾಲಿ ಕುರ್ಚಿ ತೋರಿಸಿದಳು. ಅಜ್ಜಿ ಸೂಪ್ ಬಡಿಸಲು ಎದ್ದರು. ನಾವಿಬ್ಬರೂ ಸುಮ್ನೆ ತಟ್ಟೆ ನೋಡುತ್ತಾ ಕೂತೆವು.

ಆಲಿವ್ ಇಟ್ಟ ಈ ಹುಡುಗಿ ಧರ್ಮ ಬಿಟ್ಟವಳಲ್ಲ. ಈ ವಿಷಯಕ್ಕೆ ಅಂತಲೇ ಹೀಬ್ರೂ ಪುಸ್ತಕ ಜಾಸ್ತಿ ಓದಿಕೊಂಡಿದ್ದಾಳೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು, ಗಾಜಾ ಮೇಲೆ ಬಾಂಬ್ ಬೀಳತೊಡಗಿದ ಮೇಲೆ, ಅಕ್ಟೋಬರ್ 27ರ ಶುಕ್ರವಾರ ಸಂಜೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಜೂಯಿಷ್ ವಾಯ್ಸ್ ಫಾರ್ ಪೀಸ್ ಅನ್ನುವ ಯಹೂದಿ ಸಂಘಟನೆಯ ಕರೆಗೆ ಸಾವಿರಾರು ಜನ ನೆಲದ ಮೇಲೆ ಕೂತರು. "ನಮ್ಮ ಹೆಸರಲ್ಲಿ ಬೇಡ" ಅಂತ ಕಪ್ಪು ಟೀಶರ್ಟು. ನೂರಾರು ಜನರ ಬಂಧನವಾಯಿತು. ಮಿಕ್ಕ ಯಹೂದಿಯರು ಇವರನ್ನು ಮನೆಮುರುಕರು ಅಂತ ಕರೆಯುವುದೂ ಉಂಟು.

ನಮ್ಮ ಕಥೆ ಅವರದಲ್ಲ, ನಮ್ಮನ್ನು ಯಾರೂ ಊರಿಂದ ಅಟ್ಟಿಲ್ಲ. ಆದರೂ ಒಂದು ವಿಷಯ ನಮ್ಮ ಕನ್ನಡ ಕಲಿ ತರಗತಿಗೂ ತಾಗುತ್ತದೆ. ಮಕ್ಕಳಿಗೆ ಭಾಷೆ ಕೊಡೋಣ, ಹಬ್ಬ ಕೊಡೋಣ, ಬಿಸಿಬೇಳೆಬಾತೂ ಕೊಡೋಣ. ಭಾರತದ ಯಾವುದೇ ಸರ್ಕಾರದ ಪರ ವಕಾಲತ್ತು ವಹಿಸುವ ಕೆಲಸ ಮಾತ್ರ ಕೊಡಬೇಡಿ. ಹಾಗೆ ಹೇರಿದ ಕಡೆ ಮಕ್ಕಳು ಸರ್ಕಾರದ ಜೊತೆ ಭಾಷೆಯನ್ನೂ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಅಂದಹಾಗೆ ಅಕ್ಕ, ಮಗಳು ಸಿಟಿಜನ್ನಾ, ಗ್ರೀನ್ ಕಾರ್ಡಾ, ಇಲ್ಲಾ ವೀಸಾ ಮೇಲಿದ್ದಾಳಾ? ಇಂಥ ಪ್ರತಿಭಟನೆಗೆ ಹೋಗುವವರಿಗೆ ಅದು ಮುಖ್ಯ. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಭಾರತೀಯ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರ ವೀಸಾ ರದ್ದಾಗಿ ಅವರು ಕೆನಡಾಕ್ಕೆ ಹೊರಡಬೇಕಾಯಿತು. ಅದೇ ತಿಂಗಳು ಗ್ರೀನ್ ಕಾರ್ಡ್ ಇದ್ದವರನ್ನೂ ಹಿಡಿದರು. ಗೆಳತಿ ಅಮೆರಿಕನ್ ಪ್ರಜೆಯಾಗಿದ್ದರೆ ಅವಳಿಗಿರುವ ಧೈರ್ಯ ಬೇರೆ, ನಮ್ಮ ಮಕ್ಕಳ ಕಾಗದಪತ್ರದ ಪಾಡು ಬೇರೆ. ಹೋಗಬೇಡ ಅನ್ನುವ ಮೊದಲು ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಅವಳನ್ನೇ ಮಾತಾಡಿಸಿ.