ಹೊಸ ರೂಟರಿನ ವೈಫೈ ಬರುತ್ತದೆ, ಇಂಟರ್ನೆಟ್ ಬರುತ್ತಿಲ್ಲ: ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿಯಿಂದ

ನಾನು ನಿವೃತ್ತ ಶಿಕ್ಷಕ. ನಮ್ಮದು ಉದ್ದನೆಯ ಹಂಚಿನ ಮನೆ. ಫೈಬರ್ ಸಂಪರ್ಕ ಕೊಟ್ಟವರು ಜಗಲಿಯಲ್ಲಿ ಕೂರಿಸಿದ ಬಾಕ್ಸಿನ ವೈಫೈ ಹಿಂದಿನ ಕೋಣೆಗಳನ್ನು ಮುಟ್ಟುವುದಿಲ್ಲ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಿರುವುದರಿಂದ ಹೊಸ ರೂಟರ್ ಒಂದನ್ನು ತರಿಸಿ, ಬಾಕ್ಸಿನ ಲ್ಯಾನ್ (ಮನೆಯ ಸಾಧನಗಳನ್ನು ಜೋಡಿಸುವ) ಪೋರ್ಟಿನಿಂದ ರೂಟರಿನ ವ್ಯಾನ್ (ಹೊರಗಿನಿಂದ ಇಂಟರ್ನೆಟ್ ಬರುವ) ಪೋರ್ಟಿಗೆ ಕೇಬಲ್ ಜೋಡಿಸಿದ್ದೇನೆ. ಸಂಪರ್ಕ ಪಡೆದಾಗ ಕೊಟ್ಟಿದ್ದ ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ಪಿಪಿಪಿಒಇ ಎಂಬ ಆಯ್ಕೆಯಲ್ಲಿ ತುಂಬಿದ್ದೇನೆ. ಹೊಸ ವೈಫೈಗೆ ಫೋನ್ ಸೇರಿಕೊಳ್ಳುತ್ತದೆ, ಆದರೆ ಇಂಟರ್ನೆಟ್ ಇಲ್ಲವೆಂದು ತೋರಿಸುತ್ತದೆ. ರೂಟರಿನ ಇಂಟರ್ನೆಟ್ ದೀಪ ಕಿತ್ತಳೆ ಬಣ್ಣದಲ್ಲೇ ನಿಂತಿದೆ. ಸಂಪರ್ಕ ಕೊಟ್ಟವರು ಲೈನ್ ಸರಿಯಿದೆ ಎನ್ನುತ್ತಾರೆ, ಮಾರಿದವರು ರೂಟರ್ ಸರಿಯಿದೆ ಎನ್ನುತ್ತಾರೆ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಏನು ಮಾಡಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ಮೇಷ್ಟ್ರೇ, ರೂಟರನ್ನು ಈಗಲೇ ಹಿಂದಿರುಗಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಅವರಿಬ್ಬರ ಮಾತೂ ನಿಜವಿರಬಹುದು. ತೊಡಕು ಬಾಕ್ಸ್ ಮತ್ತು ರೂಟರಿನ ನಡುವಿನ ಹೊಂದಾಣಿಕೆಯಲ್ಲಿದೆ ಎಂದು ನನಗನಿಸುತ್ತದೆ. ನಮ್ಮ ಬಡಾವಣೆಯ ಹಲವು ಮನೆಗಳಲ್ಲಿ ಇಂಥದನ್ನು ಸರಿಪಡಿಸಿಕೊಟ್ಟ ಅನುಭವದಿಂದ ಹೇಳುವುದಾದರೆ, ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಇಂಟರ್ನೆಟ್ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಹೊರಗಿನಿಂದ ಒಳಗಿನವರೆಗೆ ಒಂದೊಂದಾಗಿ ನೋಡುತ್ತ ಬರಬೇಕು.

ಮೊದಲು ಜಗಲಿಯ ಬಾಕ್ಸ್ ನೋಡಿ. ಒಎನ್‌ಟಿ ಎನ್ನುವ, ಫೈಬರಿನ ಬೆಳಕನ್ನು ಇಂಟರ್ನೆಟ್ ಸಂಕೇತವಾಗಿ ಬದಲಿಸುವ ಆ ಬಾಕ್ಸಿನಲ್ಲಿ ಪಿಒಎನ್ ಎಂಬ ದೀಪ ಮಿನುಗದೆ ಹಸಿರಾಗಿ ಉರಿಯುತ್ತಿದ್ದು, ಎಲ್‌ಒಎಸ್ ಎಂಬ ದೀಪ ಆರಿದ್ದರೆ ಫೈಬರಿನಲ್ಲಿ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. ಎಲ್‌ಒಎಸ್ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಆಗ ರೂಟರಿನಲ್ಲಿ ಏನು ಬದಲಿಸಿದರೂ ಉಪಯೋಗವಿಲ್ಲ, ಲೈನ್‌ಮನ್ ಬರಲೇಬೇಕು. ನಮ್ಮ ಪಕ್ಕದ ಬೀದಿಯ ಒಂದು ಮನೆಯಲ್ಲಿ ಬಾಕ್ಸಿಗೆ ಬರುವ ತೆಳುವಾದ ಹಳದಿ ಫೈಬರನ್ನು ಟಿವಿ ಸ್ಟ್ಯಾಂಡಿನ ಹಿಂದೆ ಮಡಚಿ ತುರುಕಿದ್ದರು. ಸಂಪೂರ್ಣ ತುಂಡಾಗಿರಲಿಲ್ಲ, ಆದರೆ ಮಡಿಕೆಯಲ್ಲಿ ಬೆಳಕು ಸೋರಿಹೋಗಿ ಪಿಒಎನ್ ದೀಪ ಆಗಾಗ ಮಿನುಗುತ್ತಿತ್ತು; ಅಗಲವಾದ ಸುರುಳಿ ಮಾಡಿ ಗೋಡೆಗೆ ಸಿಕ್ಕಿಸಿದ ಮೇಲೆ ನಿಂತಿತು. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿಟ್ಟು ನೋಡಬೇಡಿ. ಅದರೊಳಗಿನ ಲೇಸರ್ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೂ ಅಪಾಯಕಾರಿ.

ಹಳೆಯ ಬಾಕ್ಸಿನ ವೈಫೈನಲ್ಲಿ ಇಂಟರ್ನೆಟ್ ಬರುತ್ತಿದ್ದರೆ ಇಷ್ಟರಮಟ್ಟಿಗೆ ನಿಶ್ಚಿಂತೆ. ಬಳಿಕ ರೂಟರಿಗೆ ಜೋಡಿಸಿರುವ ಅದೇ ಕೇಬಲನ್ನು ಬಿಚ್ಚಿ ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿನ ವೈಫೈ ಆರಿಸಿ ನೋಡಿ. ಅಲ್ಲಿ ಇಂಟರ್ನೆಟ್ ಬಂದರೆ ಕೇಬಲ್, ಪೋರ್ಟ್ ಎರಡೂ ಸರಿ. ಬರದಿದ್ದರೆ ಕೇಬಲನ್ನು ಬಾಕ್ಸಿನ ಲ್ಯಾನ್ 1 ಎಂದು ಬರೆದಿರುವ ಪೋರ್ಟಿಗೆ ಬದಲಿಸಿ, ಏಕೆಂದರೆ ಕೆಲವು ಬಾಕ್ಸುಗಳಲ್ಲಿ ಉಳಿದ ಪೋರ್ಟುಗಳನ್ನು ಟಿವಿಗೆಂದು ಬೇರೆಯಾಗಿ ಹೊಂದಿಸಿರುತ್ತಾರೆ. ಕೇಬಲಿನ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು ಒಳಗೆ ಕೂತಂತೆ ಕಂಡರೂ ಸಡಿಲವಾಗಿರುತ್ತದೆ.

ಈಗ ನನಗೆ ನಿಜವಾದ ಅನುಮಾನವಿರುವ ಜಾಗಕ್ಕೆ ಬರುತ್ತೇನೆ. ಜಗಲಿಯ ಬಾಕ್ಸ್ ತಾನೇ ವೈಫೈ ಕೊಡುತ್ತಿದೆ ಎಂದರೆ ನಿಮ್ಮ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬಳಸಿ ಅದೇ ಈಗಾಗಲೇ ಲಾಗಿನ್ ಆಗಿರುವ ಸಂಭವ ಹೆಚ್ಚು. ಅಂಥ ಬಾಕ್ಸ್ ತನ್ನ ಲ್ಯಾನ್ ಪೋರ್ಟಿಗೆ ಬಂದವರಿಗೆ ಐಪಿ ವಿಳಾಸವನ್ನು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು) ತಾನಾಗಿಯೇ ಹಂಚುತ್ತದೆ. ಹೊಸ ರೂಟರ್ ಪಿಪಿಪಿಒಇ ಮೂಲಕ ಮತ್ತೆ ಲಾಗಿನ್ ಆಗಲು ಯತ್ನಿಸಿದರೆ ಅದಕ್ಕೆ ಉತ್ತರ ಕೊಡುವವರೇ ಇರುವುದಿಲ್ಲ, ದೀಪ ಕಿತ್ತಳೆಯಲ್ಲೇ ನಿಲ್ಲುತ್ತದೆ. ರೂಟರಿನ ಪುಟವನ್ನು ತೆರೆದು (ವಿಳಾಸ ರೂಟರಿನ ಅಡಿಯ ಚೀಟಿಯಲ್ಲಿರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1) ವ್ಯಾನ್ ಐಪಿ ಎಂಬಲ್ಲಿ ಏನಿದೆ ನೋಡಿ. 0.0.0.0 ಎಂದಿದ್ದರೆ ವಿಳಾಸವೇ ಸಿಕ್ಕಿಲ್ಲ ಎಂದರ್ಥ; ಪಿಪಿಪಿಒಇ ಬದಲು, ಬಾಕ್ಸ್ ಹಂಚುವ ವಿಳಾಸವನ್ನೇ ಪಡೆಯುವ ಡೈನಮಿಕ್ ಐಪಿ ಆರಿಸಿ ಸೇವ್ ಮಾಡಿ, ಕಂಡದ್ದನ್ನು ಇಲ್ಲಿ ತಿಳಿಸಿ.

ಇನ್ನೊಂದು ಕೇಳಿಕೆ: ಜಗಲಿಯ ಬಾಕ್ಸಿನ ಹಿಂದಿರುವ ರೀಸೆಟ್ ರಂಧ್ರಕ್ಕೆ ಪಿನ್ ಹಾಕಬೇಡಿ. ಹಲವು ಸಂಪರ್ಕಗಳಲ್ಲಿ ಲಾಗಿನ್ ವಿವರಗಳೆಲ್ಲ ಅದರಿಂದ ಅಳಿಸಿಹೋಗುತ್ತವೆ, ಈಗ ಇರುವ ಇಂಟರ್ನೆಟ್ ಕೂಡ ಹೋಗುತ್ತದೆ.

ಉಡುಪಿಯಿಂದ

ಮೈಸೂರಿನವರು ಹೇಳಿದ್ದು ಫೈಬರ್ ಬಾಕ್ಸಿಗೆ ಸರಿ. ಬಾಕ್ಸೇ ಇಲ್ಲದೆ ಕೇಬಲ್ ಆಪರೇಟರರ ತಂತಿ ನೇರವಾಗಿ ರೂಟರಿಗೆ ಬರುವ ಮನೆಗಳೂ ಇವೆ, ನಮ್ಮದು ಅಂಥದು. ಅಲ್ಲಿ ಹಳೆಯ ರೂಟರ್ ಕೆಟ್ಟು ಹೊಸದನ್ನು ಹಾಕಿದಾಗ ಯೂಸರ್‌ನೇಮ್ ಸರಿಯಿದ್ದರೂ ಸಂಪರ್ಕ ಸಿಗಲಿಲ್ಲ, ಏಕೆಂದರೆ ಆಪರೇಟರ್ ನಮ್ಮ ಖಾತೆಯನ್ನು ಹಳೆಯ ರೂಟರಿನ ಮ್ಯಾಕ್ ಅಡ್ರೆಸ್‌ಗೆ (ಪ್ರತಿ ಸಾಧನಕ್ಕೂ ತಯಾರಿಸುವಾಗಲೇ ಕೊಡುವ ಗುರುತಿನ ಸಂಖ್ಯೆಗೆ) ಕಟ್ಟಿಹಾಕಿದ್ದರು. ಫೋನ್ ಮಾಡಿ ‘ಮ್ಯಾಕ್ ಬದಲಿಸಿಕೊಡಿ’ ಎಂದು ಕೇಳಿದ ಸ್ವಲ್ಪ ಹೊತ್ತಿನಲ್ಲೇ ಇಂಟರ್ನೆಟ್ ಬಂತು. ಆಪರೇಟರ್ ಸಿಗದಿದ್ದರೆ ಹಳೆಯ ರೂಟರಿನ ಅಡಿಯಲ್ಲಿ ಬರೆದಿರುವ ಮ್ಯಾಕನ್ನು ಹೊಸದರ ‘ಮ್ಯಾಕ್ ಕ್ಲೋನ್’ ಎಂಬಲ್ಲಿ ತುಂಬಿಯೂ ನೋಡಬಹುದು. ಆದರೆ ವ್ಯಾನ್ ಭಾಗದ ಮ್ಯಾಕ್ ಚೀಟಿಯಲ್ಲಿರುವುದಕ್ಕಿಂತ ಕೊನೆಯ ಅಂಕಿಯಲ್ಲಿ ಬೇರೆಯಾಗಿರುವುದುಂಟು, ಆದ್ದರಿಂದ ಆಪರೇಟರರಿಗೆ ಹೇಳುವುದೇ ನೇರ ದಾರಿ.

ತೀರ್ಥಹಳ್ಳಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಿಒಎನ್ ಹಸಿರಾಗಿದೆ, ಎಲ್‌ಒಎಸ್ ಆರಿದೆ, ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದರೆ ಇಂಟರ್ನೆಟ್ ಬರುತ್ತದೆ. ವ್ಯಾನ್ ಐಪಿ ನೀವು ಹೇಳಿದಂತೆ 0.0.0.0 ಎಂದೇ ಇತ್ತು. ಡೈನಮಿಕ್ ಐಪಿ ಆರಿಸಿದ ಮೇಲೆ ವ್ಯಾನ್ ಮತ್ತು ಲ್ಯಾನ್ ವಿಳಾಸಗಳು ಒಂದೇ ಸಾಲಿನಲ್ಲಿವೆ ಎಂಬ ಎಚ್ಚರಿಕೆ ಬರುತ್ತಿದೆ. ಬಾಕ್ಸಿನ ವಿಳಾಸವೂ ರೂಟರಿನ ವಿಳಾಸವೂ 192.168.1.1 ಆಗಿವೆ.

ಬೆಳಗಾವಿಯಿಂದ

ಸರ್, ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿದೆ. ಎರಡೂ ಸಾಧನಗಳು ಒಂದೇ ವಿಳಾಸ ಹೇಳಿಕೊಂಡಾಗ, ಫೋನಿನಿಂದ ಹೊರಟ ಕೋರಿಕೆ ಹೊರಗೆ ಹೋಗಬೇಕೋ ಮನೆಯೊಳಗೇ ಉಳಿಯಬೇಕೋ ಎಂಬುದು ರೂಟರಿಗೆ ತಿಳಿಯುವುದಿಲ್ಲ. ಹೊಸ ರೂಟರಿನ ಲ್ಯಾನ್ ವಿಳಾಸವನ್ನು 192.168.10.1 ಎಂದು ಬದಲಿಸಿದರೆ ಈ ಎಚ್ಚರಿಕೆ ಹೋಗುತ್ತದೆ, ಇಂಟರ್ನೆಟ್ ಬರುತ್ತದೆ.

ಆದರೆ ನಿಮ್ಮ ಅಗತ್ಯಕ್ಕೆ ಇದಕ್ಕಿಂತ ಸರಳವಾದದ್ದಿದೆ. ನಿಮಗೆ ಬೇಕಾಗಿರುವುದು ಹಿಂದಿನ ಕೋಣೆಗಳಿಗೆ ವೈಫೈ ಮುಟ್ಟುವುದು ಮಾತ್ರ. ಹೊಸ ರೂಟರಿನ ಪುಟದಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ‘ಆಕ್ಸೆಸ್ ಪಾಯಿಂಟ್’ ಆರಿಸಿದರೆ ವಿಳಾಸ ಹಂಚುವ ಕೆಲಸವೆಲ್ಲ ಜಗಲಿಯ ಬಾಕ್ಸಿಗೇ ಉಳಿದು, ರೂಟರ್ ವೈಫೈ ಹರಡುವುದನ್ನಷ್ಟೇ ಮಾಡುತ್ತದೆ. ಮನೆಯ ಪ್ರಿಂಟರ್, ಟಿವಿ, ಫೋನ್ ಎಲ್ಲವೂ ಒಂದೇ ಜಾಲದಲ್ಲಿರುತ್ತವೆ, ಒಂದಕ್ಕೊಂದು ಕಾಣಿಸುತ್ತವೆ. ಬಾಕ್ಸನ್ನು ಬ್ರಿಜ್ ಮೋಡಿಗೆ (ಅದು ತಾನು ಲಾಗಿನ್ ಆಗದೆ ಸಂಪರ್ಕವನ್ನು ರೂಟರಿಗೆ ದಾಟಿಸುವಂತೆ) ಹಾಕಿಸಿ ಹೊಸ ರೂಟರಿನಲ್ಲೇ ಪಿಪಿಪಿಒಇ ಲಾಗಿನ್ ಮಾಡುವ ದಾರಿಯೂ ಉಂಟು. ಅದಕ್ಕೆ ಸಂಪರ್ಕ ಕೊಟ್ಟವರ ನೆರವು ಬೇಕು, ಕೆಲವೆಡೆ ವಿಎಲ್ಎಎನ್ ಸಂಖ್ಯೆಯನ್ನೂ (ಒಂದೇ ಲೈನಿನಲ್ಲಿ ಇಂಟರ್ನೆಟ್, ಫೋನ್ ಮೊದಲಾದವನ್ನು ಬೇರ್ಪಡಿಸುವ ಗುರುತು) ಕೇಳಿ ಪಡೆಯಬೇಕು, ಬಾಕ್ಸಿನ ಮೂಲಕ ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದು ನಿಲ್ಲದಂತೆ ನೋಡಿಕೊಳ್ಳಬೇಕು. ವೈಫೈ ಸಾಲದು ಎಂಬ ಒಂದೇ ಕಾರಣಕ್ಕೆ ಅಷ್ಟು ದೂರ ಹೋಗುವುದನ್ನು ನಾನು ಒಪ್ಪುವುದಿಲ್ಲ.

ರೂಟರನ್ನು ಬಾಕ್ಸಿನ ಪಕ್ಕದಲ್ಲೇ ಇಡಬೇಡಿ. ಉದ್ದದ ಕೇಬಲ್ ಎಳೆದು ನಡುಮನೆಯಲ್ಲಿ, ಸಾಧ್ಯವಾದರೆ ಮಗಳು ಕೆಲಸ ಮಾಡುವ ಕೋಣೆಯ ಹತ್ತಿರವೇ ಎತ್ತರದಲ್ಲಿಡಿ. ದಪ್ಪ ಮಣ್ಣಿನ ಗೋಡೆಗಳನ್ನು ದಾಟುವುದರಲ್ಲಿ 5 ಗಿಗಾಹರ್ಟ್ಸ್ ವೈಫೈ ಹಿಂದೆ ಬೀಳುತ್ತದೆ, 2.4 ಗಿಗಾಹರ್ಟ್ಸ್ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ.

ಬೆಂಗಳೂರಿನಿಂದ

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಬಾಕ್ಸಿನ ಮತ್ತು ರೂಟರಿನ ಅಡಾಪ್ಟರುಗಳು ನೋಡಲು ಒಂದೇ ತರಹ ಇರುತ್ತವೆ, ಆದರೆ ಒಂದು 12 ವೋಲ್ಟ್, ಇನ್ನೊಂದು 9 ವೋಲ್ಟ್ ಇರಬಹುದು. ಜಾಗ ಬದಲಿಸುವಾಗ ಅದಲುಬದಲಾಗದಂತೆ ಎರಡರ ಮೇಲೂ ಚೀಟಿ ಅಂಟಿಸಿಡಿ.

ತೀರ್ಥಹಳ್ಳಿಯಿಂದ, ಪ್ರಶ್ನೆ ಕೇಳಿದವರು

ಆಕ್ಸೆಸ್ ಪಾಯಿಂಟ್ ಆರಿಸಿದೆ, ಹಿಂದಿನ ಕೋಣೆಯಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ. ಆದರೆ ಪಾಸ್‌ವರ್ಡ್ ಬದಲಿಸೋಣವೆಂದರೆ ರೂಟರಿನ ಪುಟವೇ ತೆರೆಯುತ್ತಿಲ್ಲ. ಏನಾದರೂ ಕೆಟ್ಟಿತೇ?

ಬೆಳಗಾವಿಯಿಂದ

ಕೆಟ್ಟಿಲ್ಲ ಸರ್. ಈಗ ರೂಟರಿಗೂ ಜಗಲಿಯ ಬಾಕ್ಸೇ ವಿಳಾಸ ಕೊಡುತ್ತಿದೆ, ಆದ್ದರಿಂದ 192.168.1.1 ಎಂದು ಹಾಕಿದರೆ ಬಾಕ್ಸಿನ ಪುಟ ತೆರೆಯುತ್ತದೆ. ಆ ಪುಟದಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ರೂಟರಿನ ಹೆಸರು ಅಥವಾ ಮ್ಯಾಕ್ ಎದುರಿಗೆ ಕಾಣುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ. ಕಂಪನಿಯ ಮೊಬೈಲ್ ಆ್ಯಪ್ ಇದ್ದರೆ ಅದು ತಾನಾಗಿಯೇ ಹುಡುಕಿಕೊಡುತ್ತದೆ. ಪುಟ ತೆರೆದ ಮೇಲೆ ವೈಫೈ ಪಾಸ್‌ವರ್ಡ್ ಜೊತೆಗೆ ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿಬಿಡಿ.