ಸಾವಯವ ಮಣೂಕದಾಗ (ಒಣದ್ರಾಕ್ಷಿಯಾಗ) ಕೀಟನಾಶಕ ಕ್ಲೋರ್‌ಪೈರಿಫಾಸ್ ಹೆಂಗ ಬಂತು?

ಪ್ರಶ್ನೆ (ತಿಕೋಟಾ): ತಾಸ್-ಎ-ಗಣೇಶ ತಳಿ ದ್ರಾಕ್ಷಿ, 2 ಎಕರೆ, ಸಾವಯವ ಮಾಡಿ ನಾಲ್ಕನೇ ವರ್ಷ. ಹೊಡದದ್ದು ಗಂಧಕ, ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ), ಬೇವಿನೆಣ್ಣಿ ಅಷ್ಟ. ಹಸಿ ಹಣ್ಣಿನ ರಿಪೋರ್ಟ್ ಸ್ವಚ್ಛ ಇತ್ತು. ಅದೇ ಹಣ್ಣಿನ ಮಣೂಕದಾಗ ಕ್ಲೋರ್‌ಪೈರಿಫಾಸ್ ಕಿಲೋಕ್ಕ 0.02 ಮಿಲಿಗ್ರಾಂ, ಜೊತಿಗೆ ಫಾಸ್ಫೋನಿಕ್ ಆಸಿಡ್. ಎಲ್ಲಿಂದ ಬಂತು ಅಂತ ಹೆಂಗ ಹುಡುಕೋದ್ರಿ?

ಉತ್ತರ (ಅಥಣಿ): ಮೊದಲು ಲೆಕ್ಕ ನೋಡ್ರಿ. ಸುಮಾರು 4 ಕಿಲೋ ಹಣ್ಣು ಒಣಗಿದ್ರ 1 ಕಿಲೋ ಮಣೂಕ. ಹಣ್ಣಿನಾಗ 0.005 ಇದ್ರ, 0.01ರ ಕೆಳಗಿಂದು ಲ್ಯಾಬ್‌ನವರು ‘ಇಲ್ಲ’ ಅಂತನ ಬರೀತಾರ. ನೀರು ಹೋದ ಮ್ಯಾಲೆ ಅದೇ 0.02ರ ತನಕ ಏರಬಹುದು. ಅಂದ್ರ ತೋಟದಾಗ ಮೊದಲೇ ಇದ್ದಿರಬಹುದು. ಬಾಜೂ ಹೊಲದ ಕಡೆಯ 4–5 ಸಾಲು ಬ್ಯಾರೆ, ನಡುವಿನ ಸಾಲು ಬ್ಯಾರೆ ಸ್ಯಾಂಪಲ್ ಕಳಿಸ್ರಿ. ಅಂಚಿನಾಗ ಅಷ್ಟ ಬಂದ್ರ ಗಾಳಿಗೆ ಹಾರಿ ಬಂದದ್ದು. ಎಲ್ಲಾ ಕಡೆ ಒಂದೇ ಸಮ ಬಂದ್ರ ಔಷಧಿ ಹೊಡಿಯೋ ಪಂಪಿನ ಮ್ಯಾಲೆ ಸಂಶಯ ಪಡ್ರಿ.

ಉತ್ತರ (ಜಮಖಂಡಿ): ಫಾಸ್ಫೋನಿಕ್ ಆಸಿಡ್‌ದು ಬ್ಯಾರೆ ದಾರಿ. ಒಂದೇ ಸಲ ಹಲವು ಔಷಧಿಯ ಉಳಿಕೆ ನೋಡೋ ಮಲ್ಟಿ-ರೆಸಿಡ್ಯೂ ಟೆಸ್ಟ್‌ನಾಗ ಅದು ಕಾಣಂಗಿಲ್ಲ, ಪ್ರತ್ಯೇಕ ಹೇಳಿ ಮಾಡಿಸಬೇಕು. ಹಿಂದ ಡೌನಿ (ಬೂಜು) ರೋಗಕ್ಕ ಹೊಡದ ಫೋಸೆಟೈಲ್ ಅಲ್ಯುಮಿನಿಯಂ ಅನ್ನೋ ಔಷಧಿ ಒಡದು ಇದೇ ಆಗ್ತದ. ಬಳ್ಳಿಯ ಕಟಗಿ, ಬೇರಿನಾಗ ಉಳದು ವರ್ಷಗಟ್ಟಲೆ ಹಣ್ಣಿಗೆ ಬರ್ತದ. ‘ಪೋಷಕಾಂಶ’ ಅಂತ ಮಾರೋ ಡಬ್ಬಿಗಳಲ್ಲೂ ಇರ್ತದ. ಲೇಬಲ್ ಮ್ಯಾಲೆ ಫಾಸ್ಫೇಟ್ ಅದನೋ ಫಾಸ್ಫೈಟ್ ಅದನೋ ಒಂದೊಂದು ಅಕ್ಷರ ಓದ್ರಿ. ಫಾಸ್ಫೈಟ್ ಅಂದ್ರ ಫಾಸ್ಫೋನಿಕ್ ಆಸಿಡ್‌ದ ಉಪ್ಪು, ಅದು ಇದ್ರ ಮುಟ್ಟಬ್ಯಾಡ್ರಿ. ಹೆಸರಿಲ್ಲದ ‘ಬಯೋ’ ಔಷಧಿಯೊಳಗ ರಾಸಾಯನಿಕ ಬೆರಕಿ ಇರೋದೂ ಉಂಟು, ತೆರೆದ ಬಾಟ್ಲಿಯಿಂದ 100 ಮಿಲಿ ತಗದು ಅದನ್ನೂ ಟೆಸ್ಟಿಗೆ ಕೊಡ್ರಿ.

ಉತ್ತರ (ಬಬಲೇಶ್ವರ): ಮಣೂಕ ಒಣಗಿಸೋ ಶೆಡ್ ಮರೀಬ್ಯಾಡ್ರಿ. ಹಣ್ಣು ಲಗೂ ಒಣಗಲಿ ಅಂತ 100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಷಿಯಂ ಕಾರ್ಬೊನೇಟ್, 1.5 ಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿದ ಟಾಕಿಯೊಳಗ ದಿನಾ ನಾಲ್ಕು ಮಂದಿ ರೈತರ ಮಾಲು ಅದ್ದತಾರ. ಔಷಧಿ ಹೊಡದ ಹಣ್ಣಿನ ಸಿಪ್ಪಿಯಿಂದ ಬಿಟ್ಟದ್ದು ಆ ಎಣ್ಣಿಯೊಳಗ ಉಳೀತದ, ಮುಂದ ಅದ್ದಿದ ನಿಮ್ಮ ಮಾಲಿಗೆ ಹತ್ತತದ. ನಿಮ್ಮ ಹಣ್ಣಿಗೆ ಹೊಸಾ ದ್ರಾವಣ, ತೊಳೆದ ಟಾಕಿ ಬೇಕು. ಸಾವಯವಕ್ಕ ಯಾವ ಎಣ್ಣಿ ನಡೀತದ ಅಂತ ಸರ್ಟಿಫಿಕೇಟ್ ಕೊಡೋರಿಂದ ಬರಹದಾಗ ತಗೋರಿ.

ಔಷಧಿ ಹೊಡಿಯೋ ಬ್ಲೋವರ್ ಮಷಿನ್ ಬಾಡಿಗಿದು ಆದ್ರ ಟಾಕಿ ತೊಳದ್ರ ಸಾಲದು. ಪೈಪ್, ಫಿಲ್ಟರ್, ನಾಜಲ್ ಬಿಚ್ಚಿ ಸೋಪಿನ ನೀರು ಓಡಿಸಿ, ಆಮ್ಯಾಲೆ ಮೂರು ಸಲ ಬರೇ ನೀರು. ರಬ್ಬರ್ ಪೈಪ್ ಔಷಧಿ ಹೀರ್ತದ, ನಿಮ್ಮದೇ ಒಂದು ಪೈಪ್ ಇಟಗೊಳ್ರಿ.