ಹಿಂದಿನ ಎಡಗಡೆ ಚಕ್ರ

ಅಪ್ಪನ ಕಾರು ಈಗಲೂ ಹಾಸನದ ಮನೆಯಲ್ಲೇ ಇದೆ. ಮಾರುವುದು ಬೇಡ, ಯಾರು ಊರಿಗೆ ಹೋಗುತ್ತೇವೋ ಅವರು ಓಡಿಸೋಣ ಎಂದು ಮಾತಾಗಿತ್ತು. ಪೆಟ್ರೋಲ್ ಯಾರು ಹಾಕಿಸಬೇಕು ಎನ್ನುವ ಜಗಳ ಹೋದ ವರ್ಷವೇ ಮುಗಿಯಿತು. ಈ ಜನವರಿಯಲ್ಲಿ ಗಾಳಿಯ ಜಗಳ ಶುರುವಾಯಿತು. ಮನೆಯ ಗುಂಪಿನಲ್ಲಿ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ. ಪಾಯಿಂಟ್ ಎಂದರೆ ಟೈರಿನ ಗಾಳಿಯ ಒತ್ತಡದ ಅಳತೆ, ಪಿಎಸ್‌ಐ.

ಭಾವ ಮೈಸೂರು: (ಹಲವು ಬಾರಿ ಫಾರ್ವರ್ಡ್ ಆಗಿದ್ದು) ಕಾರಿನ ಟೈರ್ ಗಾಳಿ ಇಳಿಯುತ್ತಿದೆಯೇ? ಬಂಕ್ ಗಾಳಿ ಹಾಕಿಸಲೇಬೇಡಿ!! ನೈಟ್ರೋಜನ್ ಹಾಕಿಸಿ. ವರ್ಷಗಟ್ಟಲೆ ಒಂದು ಪಾಯಿಂಟ್ ಕೂಡ ಇಳಿಯುವುದಿಲ್ಲ. ಮಾಮೂಲಿ ಗಾಳಿ ಬಿಸಿಲಿಗೆ ಹಿಗ್ಗಿ ಟೈರ್ ಸಿಡಿಯುತ್ತದೆ. ನೈಟ್ರೋಜನ್ ಹಿಗ್ಗುವುದಿಲ್ಲ. ನಿಮ್ಮವರ ಪ್ರಾಣ ಉಳಿಸಿ, 10 ಜನಕ್ಕೆ ಕಳಿಸಿ 🙏

ಭಾವ ಮೈಸೂರು: ಮಾವನವರ ಕಾರಿಗೂ ಇದನ್ನೇ ಮಾಡಿಸೋಣ. ಹಿಂದಿನ ಎಡಗಡೆ ಚಕ್ರ ಪದೇ ಪದೇ ಇಳಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು.

ಸಣ್ಣ ಚಿಕ್ಕಪ್ಪ: ಅಳಿಯಂದಿರೇ, ನಾನು 28 ವರ್ಷ ಬಸ್ ಡಿಪೋದ ಟೈರ್ ಸೆಕ್ಷನ್ನಿನಲ್ಲಿದ್ದವನು. ಬಂಕ್ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ನೇ ಇದೆ. ಅದೂ ಪುಕ್ಕಟೆ.

ಭಾವ ಮೈಸೂರು: ಉಳಿದ 22 ಇದೆಯಲ್ಲ ಮಾವ, ತೊಂದರೆ ಕೊಡುವುದು ಅದೇ.

ಪುಟ್ಟಿ: ಅಪ್ಪ, ನೈಟ್ರೋಜನ್ ಹಿಗ್ಗುವುದಿಲ್ಲ ಅನ್ನುವುದು ಸುಳ್ಳು. ಪಿಯುಸಿಯಲ್ಲಿ ಹೇಳಿಕೊಟ್ಟಿದ್ದಾರೆ. ಬಿಸಿಯಾದರೆ ಗಾಳಿ, ನೈಟ್ರೋಜನ್ ಎರಡೂ ಒಂದೇ ಲೆಕ್ಕದಲ್ಲಿ ಒತ್ತಡ ಏರಿಸುತ್ತವೆ. ಒಳಗೆ ನೀರಿನ ಪಸೆ ಇದ್ದರೆ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ.

ಭಾವ ಮೈಸೂರು: ಹಾಗಾದರೆ ವಿಮಾನದ ಟೈರಿಗೆ ಯಾಕಮ್ಮಾ ನೈಟ್ರೋಜನ್ ಹಾಕುತ್ತಾರೆ?

ತಮ್ಮ ಮಂಗಳೂರು: ಭಾವ, ವಿಮಾನ ಇಳಿದಾಗ ಬ್ರೇಕ್ ಕೆಂಡದ ಹಾಗೆ ಕಾಯುತ್ತದೆ. ಮೇಲೆ ಹೋದಾಗ ನೀರಿದ್ದರೆ ಹೆಪ್ಪುಗಟ್ಟುತ್ತದೆ. ಬೆಂಕಿ ಹತ್ತಬಾರದು, ಮಂಜುಗಡ್ಡೆ ಆಗಬಾರದು ಅಂತ ನೈಟ್ರೋಜನ್. ನಮ್ಮ ಕಾರು ಹೆಚ್ಚೆಂದರೆ ಬೇಲೂರಿಗೆ ಹೋಗಿ ಬರುತ್ತದೆ.

ಅಕ್ಕ: ಅವರು ಒಳ್ಳೆಯದಕ್ಕೇ ಹೇಳಿದ್ದು. ಎಲ್ಲರೂ ಸೇರಿ ಮುಗಿಬೀಳಬೇಡಿ.

ಅಮೆರಿಕ ತಂಗಿ: ಭಾವ ಹೇಳುವುದು ಪೂರ್ತಿ ತಪ್ಪಲ್ಲ. ಆಕ್ಸಿಜನ್ ರಬ್ಬರಿನೊಳಗಿಂದ ಬೇಗ ನುಸುಳಿ ಹೋಗುತ್ತದೆ, ನೈಟ್ರೋಜನ್ ನಿಧಾನ. ಇಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 2006ರಲ್ಲಿ 31 ಮಾಡೆಲ್ ಟೈರ್ ತಂದು, 30 ಪಾಯಿಂಟ್ ತುಂಬಿ, ಒಂದು ವರ್ಷ ಸುಮ್ನೆ ಹೊರಗೆ ಇಟ್ಟು ನೋಡಿದರು. ಮಾಮೂಲಿ ಗಾಳಿಯವು ಸರಾಸರಿ 3.5 ಇಳಿದವು. ನೈಟ್ರೋಜನ್‌ನವು 2.2.

ಭಾವ ಮೈಸೂರು: ನೋಡಿದಿರಾ!

ಸಣ್ಣ ಚಿಕ್ಕಪ್ಪ: ನೋಡಿದೆ. ವರ್ಷಕ್ಕೆ 1.3 ಪಾಯಿಂಟ್ ಉಳಿತಾಯ. ಒಂದು ಪಾಯಿಂಟ್ ಕೂಡ ಇಳಿಯುವುದಿಲ್ಲ ಅಂತ ನಿಮ್ಮ ಮೆಸೇಜಿನಲ್ಲಿತ್ತು.

(ಇಲ್ಲಿ ನಾನು ಬಾಯಿಬಿಡಲಿಲ್ಲ. ಬೆಂಗಳೂರಿನಲ್ಲಿ ಎರಡು ವರ್ಷ ದುಡ್ಡು ಕೊಟ್ಟು ಹಸಿರು ಮುಚ್ಚಳದ ನೈಟ್ರೋಜನ್ ಹಾಕಿಸಿದ್ದವನು ನಾನೇ.)

ಅಮ್ಮ: ಇವತ್ತು 26 ತೋರಿಸುತ್ತಿದೆ. ಹೋದ ಭಾನುವಾರ 33 ಹಾಕಿಸಿದ್ದು

ಸಣ್ಣ ಚಿಕ್ಕಪ್ಪ: ಉಳಿದ ಮೂರು ಎಷ್ಟಿವೆ ಅತ್ತಿಗೆ?

ಅಮ್ಮ: 32 32 32

ಸಣ್ಣ ಚಿಕ್ಕಪ್ಪ: ಅಲ್ಲಿಗೆ ನೈಟ್ರೋಜನ್ ಕಥೆ ಮುಗಿಯಿತು. ನಾಲ್ಕೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಇಳಿದರೆ ಅದು ಚಳಿ, ಇಲ್ಲವೇ ರಬ್ಬರಿನ ಗುಣ. ತಿಂಗಳಿಗೆ ಒಂದು ಪಾಯಿಂಟ್ ತನಕ ಯಾರೂ ಕೇಳಬಾರದು. ಒಂದೇ ಚಕ್ರ ವಾರಕ್ಕೆ 7 ಇಳಿದರೆ ಆ ಚಕ್ರದಲ್ಲಿ ದಾರಿ ಇದೆ. ಅದರೊಳಗೆ ಏನೇ ತುಂಬಿಸಿ, ಅದೇ ದಾರಿಯಲ್ಲಿ ಹೋಗುತ್ತದೆ.

ಸಣ್ಣ ಚಿಕ್ಕಪ್ಪ: ಇನ್ನೊಂದು. ಟೈರ್ ಸಿಡಿಯುವುದು ಬಿಸಿಲಿಗೆ ಗಾಳಿ ಹಿಗ್ಗಿದ್ದಕ್ಕಲ್ಲ. ಗಾಳಿ ಕಡಿಮೆ ಇದ್ದಾಗ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ. ಹೈವೇಯಲ್ಲಿ ಅದೇ ಕೈಕೊಡುವುದು. ಬೇಸಿಗೆ ಬಂತು ಅಂತ ನಾಲ್ಕು ಪಾಯಿಂಟ್ ಕಮ್ಮಿ ಹಾಕಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಮ್ಮ ಮಂಗಳೂರು: ಹಾಗಾದರೆ ಕೊನೆಗೆ ಓಡಿಸಿದ್ದು ಯಾರು?

ಅಕ್ಕ: ನೀನೇ. ಕ್ರಿಸ್‌ಮಸ್ ರಜೆಯಲ್ಲಿ ಮಂಗಳೂರಿಗೆ ತೆಗೆದುಕೊಂಡು ಹೋಗಿದ್ದೆ. ಶಿರಾಡಿಯ ಗುಂಡಿಯಲ್ಲಿ ಇಳಿಸಿರುತ್ತೀಯ. ರಿಮ್ ಬಾಗಿರುತ್ತದೆ.

ತಮ್ಮ ಮಂಗಳೂರು: ಅಕ್ಕಾ, ನಾನು ಮಂಗಳೂರಿನಲ್ಲಿ 33 ಹಾಕಿಸಿ ಹೊರಟವನು. ಮಾರನೆಯ ದಿನ ಬೆಳಗ್ಗೆ ಹಾಸನದಲ್ಲಿ ನಾಲ್ಕೂ 32 ಇದ್ದವು. ಒಂದು ಪಾಯಿಂಟ್ ಚಳಿಗೆ ಇಳಿದಿದೆ, ಅಷ್ಟೇ.

ಪುಟ್ಟಿ: ಮಾಮ, ಲೆಕ್ಕ ಅಷ್ಟು ಸುಲಭ ಅಲ್ಲ. ಮಂಗಳೂರಿನಲ್ಲಿ 32 ಡಿಗ್ರಿ, ಹಾಸನದಲ್ಲಿ ಬೆಳಗ್ಗೆ 15. ಅಷ್ಟಕ್ಕೆ ಎರಡೂವರೆ ಇಳಿಯಬೇಕು. ಆದರೆ ಹಾಸನ ಸಮುದ್ರಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ. ಗೇಜ್ ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಮೇಲೆ ಬಂದಾಗ ಹೊರಗಿನದು ಕಮ್ಮಿಯಾಗುತ್ತದೆ. ಹಾಗಾಗಿ ಒಂದೂವರೆ ಜಾಸ್ತಿ ತೋರಿಸುತ್ತದೆ. ಎರಡೂ ಕಳೆದು ನಿನಗೆ ಒಂದು ಕಂಡಿದೆ.

ತಮ್ಮ ಮಂಗಳೂರು: ಅಂದರೆ ನನ್ನ ತಪ್ಪಿಲ್ಲ ತಾನೇ?

ಅಕ್ಕ: ಗುಂಡಿಯ ಬಗ್ಗೆ ಅವಳು ಏನೂ ಹೇಳಲಿಲ್ಲ.

ಅಮೆರಿಕ ತಂಗಿ: ಇಲ್ಲಿ ಮೊದಲ ಚಳಿಯ ಬೆಳಗ್ಗೆ ಇಡೀ ಬೀದಿಯ ಕಾರುಗಳಲ್ಲಿ ಟೈರ್ ದೀಪ ಹತ್ತಿಕೊಳ್ಳುತ್ತದೆ. ಹೇಳಿರುವ ಒತ್ತಡಕ್ಕಿಂತ ಕಾಲು ಭಾಗ ಇಳಿದರೆ ದೀಪ ಹತ್ತಲೇಬೇಕು ಅಂತ ಕಾನೂನಿದೆ. ಮಿನಿಯಾಪೊಲಿಸ್‌ನ ಚಳಿಗೆ ಅಷ್ಟು ಇಳಿಯುವುದು ಕಷ್ಟವೇ ಅಲ್ಲ.

ಭಾವ ಮೈಸೂರು: ಅದಕ್ಕೇ ಅಲ್ವಾ ದೀಪಾವಳಿಗೆ ನಾನು ಸೆನ್ಸಾರ್ ಸೆಟ್ ತಂದು ಹಾಕಿಕೊಟ್ಟಿದ್ದು. ಅದಿಲ್ಲದಿದ್ದರೆ ಅತ್ತೆಗೆ 26 ಅಂತ ಗೊತ್ತೇ ಆಗುತ್ತಿರಲಿಲ್ಲ.

(ಇದು ನಿಜ. ವಾಲ್ವಿನ ಮುಚ್ಚಳ ತೆಗೆದು ಅದರ ಜಾಗಕ್ಕೆ ತಿರುಗಿಸಿ ಕೂರಿಸುವ ನಾಲ್ಕು ಸೆನ್ಸಾರ್, ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಡಬ್ಬಿ. ಎಲ್ಲರೂ ಹೊಗಳಿದ್ದೆವು. ಅಮ್ಮ ಮಾತ್ರ ಅಪ್ಪನ ಪೆನ್ನಿನ ಥರದ ಗೇಜನ್ನು ಎಸೆಯಲು ಬಿಡಲಿಲ್ಲ.)

ಸಣ್ಣ ಚಿಕ್ಕಪ್ಪ: ನಾಳೆ ನಾನೇ ಹೋಗಿ ಪಂಚರ್ ಅಂಗಡಿಗೆ ಓಡಿಸಿಕೊಂಡು ಹೋಗುತ್ತೇನೆ. ಇಲ್ಲಿ ಕೂತು ಮಾತಾಡಿದರೆ ಗಾಳಿ ನಿಲ್ಲುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಒಂದು ಫೋಟೋ ಬಂತು. ಕಪ್ಪು ನೀರಿನ ತೊಟ್ಟಿ, ಅದರಲ್ಲಿ ಅರ್ಧ ಮುಳುಗಿದ ಚಕ್ರ, ಚಿಕ್ಕಪ್ಪನ ಹೆಬ್ಬೆರಳು.

ಸಣ್ಣ ಚಿಕ್ಕಪ್ಪ: ಮೊಳೆ ಇಲ್ಲ. ಹಳೆಯ ಪಂಚರ್ ಒಂದಿತ್ತು, ಅದೂ ಗಟ್ಟಿ. ರಿಮ್ ಅಂಚಿನಲ್ಲಿ ಟೈರ್ ಕೂರುವ ಕಡೆ ತುಕ್ಕು, ಕೊಳೆ ಇದ್ದರೆ ಗಾಳಿ ಬಿಡುತ್ತದೆ. ಅಲ್ಲೂ ಗುಳ್ಳೆ ಬರಲಿಲ್ಲ. ವಾಲ್ವ್ ಬಗ್ಗಿಸಿ ಸೋಪು ನೀರು ಹಾಕಿ ನೋಡಿದೆ. ರಬ್ಬರ್ ವಾಲ್ವ್ ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಬಗ್ಗಿಸಿದಾಗಲೇ ಗೊತ್ತಾಗುವುದು. ಏನೂ ಇಲ್ಲ. ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ ಮಾತ್ರ ಬದಲಾಯಿಸಿದ್ದೇನೆ.

ತಮ್ಮ ಮಂಗಳೂರು: ರಿಮ್ ಬಾಗಿದೆಯಾ?

ಸಣ್ಣ ಚಿಕ್ಕಪ್ಪ: ಇಲ್ಲ.

ತಮ್ಮ ಮಂಗಳೂರು: ಅಕ್ಕಾ, ಓದಿದೆಯಾ?

ಅಕ್ಕ ಓದಿದಳು. ಉತ್ತರ ಕೊಡಲಿಲ್ಲ.

ಹತ್ತು ದಿನ ಗುಂಪಿನಲ್ಲಿ ಶಾಂತಿ ಇತ್ತು. ಆಮೇಲೆ ಇದು ಬಂತು.

ಅಮ್ಮ: ಮತ್ತೆ ಇಳಿಯುತ್ತಿದೆ. 28

ಭಾವ ಮೈಸೂರು: ನಾನು ಮೊದಲೇ ಹೇಳಿದ್ದೆ.

ಸಣ್ಣ ಚಿಕ್ಕಪ್ಪ: ಏನು ಹೇಳಿದ್ದಿರಿ? ನೈಟ್ರೋಜನ್ ಅಲ್ವಾ? ಚಕ್ರ ಪೂರ್ತಿ ಮುಳುಗಿಸಿ ನೋಡಿದ್ದೇನೆ. ಅದರಲ್ಲಿ ತೂತು ಇಲ್ಲ.

ಅಮ್ಮ: (ಫೋಟೋ) ಇದರಲ್ಲಿ ಬರೆದಿದ್ದೇನೆ ನೋಡಿ. ಹಾಲಿನ ಲೆಕ್ಕದ ಕೆಳಗೆ

ಫೋಟೋದಲ್ಲಿ ಅಡುಗೆಮನೆಯ ಕ್ಯಾಲೆಂಡರ್. ದಿನಾ ಅರ್ಧ ಲೀಟರ್, ಒಂದು ಲೀಟರ್ ಎಂದು ಬರೆದ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣ ಅಂಕಿಗಳು. ಪಂಚರ್ ಅಂಗಡಿಗೆ ಹೋಗಿ ಬಂದ ಮೇಲೆ 33, 33, 33, 33, 33. ಆಮೇಲೆ 32, 31, 30, 29, 28. ಬೆಳಗ್ಗೆ ಹಾಲು ತಂದ ಕೂಡಲೇ, ಕಾರು ತಣ್ಣಗಿರುವಾಗ, ಅಪ್ಪನ ಗೇಜಿನಲ್ಲಿ ಅಳೆದದ್ದಂತೆ. ಓಡಿಸಿ ಬಂದ ಟೈರ್ ಬಿಸಿಯಾಗಿರುತ್ತದೆ, ಜಾಸ್ತಿ ತೋರಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ಅವಳಿಗೆ ನೆನಪಿದೆ.

ಭಾವ ಮೈಸೂರು: ಅತ್ತೆ, ದಿನಾ ಗೇಜ್ ಒತ್ತಿದರೆ ಅದರಿಂದಲೇ ಗಾಳಿ ಹೋಗುತ್ತದೆ. ಪುಸ್ ಅನ್ನುವುದಿಲ್ಲವೇ?

ಸಣ್ಣ ಚಿಕ್ಕಪ್ಪ: ಆ ಪುಸ್ಸಿಗೆ ದಿನಕ್ಕೊಂದು ಪಾಯಿಂಟ್ ಹೋಗುವುದಿಲ್ಲ. ಮೊದಲ ಐದು ದಿನವೂ ಅಳೆದಿದ್ದಾರಲ್ಲ, ಆಗ ಯಾಕೆ ಇಳಿಯಲಿಲ್ಲ?

ಪುಟ್ಟಿ: ಅಜ್ಜಿ, ಆರನೇ ದಿನ ಏನಾಯಿತು? ಎಲ್ಲಿಗಾದರೂ ಹೋಗಿದ್ದಿರಾ?

ಅಮ್ಮ: ಎಲ್ಲೂ ಹೋಗಿಲ್ಲ. ಕಾರು ಶೆಡ್ಡಿನಲ್ಲೇ ಇತ್ತು

ಅಮ್ಮ: ನಿಮ್ಮಪ್ಪ ಫೋನ್ ಮಾಡಿದ್ದರು. ಡಬ್ಬಿಯಲ್ಲಿ ನಾಲ್ಕನೇ ಚಕ್ರ ಕಾಣುತ್ತಿಲ್ಲ ಅಂದೆ. ಸೆನ್ಸಾರ್ ಹಾಕಿಲ್ಲ, ಹುಡುಕಿ ಹಾಕಿ ಅಂದರು. ಅಂಗಡಿಯಲ್ಲಿ ಬಿಚ್ಚಿದ್ದು ನಿನ್ನ ಚಿಕ್ಕ ತಾತನ ಜೇಬಿನಲ್ಲೇ ಇತ್ತು. ಅದರ ಹಿಂದಿನ ದಿನ ಸಂಜೆ ಹಾಕಿದರು

ಗುಂಪಿನಲ್ಲಿ ಒಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಭಾವನ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಬರುತ್ತಿತ್ತು, ಹೋಗುತ್ತಿತ್ತು.

ಪುಟ್ಟಿ: ಅಯ್ಯೋ. ತೊಟ್ಟಿಯಲ್ಲಿ ಮುಳುಗಿಸುವಾಗ ಸೆನ್ಸಾರ್ ಬಿಚ್ಚಿದ್ದಿರಾ ಚಿಕ್ಕ ತಾತ?

ಸಣ್ಣ ಚಿಕ್ಕಪ್ಪ: ಎಲೆಕ್ಟ್ರಾನಿಕ್ ಸಾಮಾನು, ನೀರಿಗೆ ಹಾಕುವುದು ಹೇಗೆ? ಬಿಚ್ಚಿದ್ದೆ.

ಸಣ್ಣ ಚಿಕ್ಕಪ್ಪ: ಹೌದಲ್ಲ. ಕಳ್ಳನನ್ನು ಜೇಬಿನಲ್ಲಿ ಇಟ್ಟುಕೊಂಡು ಮನೆ ಹುಡುಕಿದ್ದೇನೆ.

ಭಾವ ಮೈಸೂರು: ಅಳೆಯುವ ವಸ್ತುವೇ ಗಾಳಿ ಬಿಡುತ್ತದೆ ಅಂದರೆ ನಂಬಲು ಆಗುವುದಿಲ್ಲ. ನಾಲ್ಕರಲ್ಲಿ ಮೂರು ಸರಿಯಾಗಿವೆಯಲ್ಲ.

ಅಮೆರಿಕ ತಂಗಿ: ಇಲ್ಲಿನ ಕಾರುಗಳಲ್ಲಿ ಹೆಚ್ಚಾಗಿ ಸೆನ್ಸಾರ್ ಚಕ್ರದ ಒಳಗೇ ಇರುತ್ತದೆ. ಹೊರಗೆ ಕೂರಿಸುವುದು ಬೇರೆ ಥರ ಭಾವ. ಅದು ಒಳಗಿನ ಒತ್ತಡ ಅಳೆಯಬೇಕಾದರೆ ವಾಲ್ವಿನ ಪಿನ್ನನ್ನು ಒತ್ತಿ ಹಿಡಿದಿರಬೇಕು. ಅಂದರೆ ವಾಲ್ವಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಗಾಳಿಯನ್ನು ತಡೆಯುವುದು ಸೆನ್ಸಾರಿನೊಳಗಿನ ಸಣ್ಣ ರಬ್ಬರ್ ವಾಷರ್ ಮಾತ್ರ.

ಸಣ್ಣ ಚಿಕ್ಕಪ್ಪ: ನಾನು ಹೊಸ ಪಿನ್ ಹಾಕಿದ್ದೂ ಅದಕ್ಕೇ ದಂಡ. ಪಿನ್ ಎಷ್ಟು ಗಟ್ಟಿ ಇದ್ದರೇನು, ಅದನ್ನು ಒತ್ತಿ ಹಿಡಿದರೆ ಗಾಳಿಗೆ ದಾರಿ ಬಿಟ್ಟ ಹಾಗೇ.

ಭಾವ ಮೈಸೂರು: ಇದೆಲ್ಲ ಊಹೆ. ಸಾಕ್ಷಿ ಇಲ್ಲದೆ ಒಪ್ಪುವುದಿಲ್ಲ.

ಪುಟ್ಟಿ: ಅಪ್ಪ, ಸಾಕ್ಷಿ ಸುಲಭ. ಆ ಸೆನ್ಸಾರನ್ನು ಮುಂದಿನ ಬಲಗಡೆ ಚಕ್ರಕ್ಕೆ ಹಾಕೋಣ. ಅಲ್ಲಿಯದನ್ನು ತೆಗೆದು ಇಲ್ಲಿಗೆ. ಇಳಿಯುವುದು ಹಿಂದಿನ ಚಕ್ರವೇ ಆದರೆ ನೀವು ಗೆದ್ದಿರಿ. ಮುಂದಿನದು ಇಳಿದರೆ ಸೆನ್ಸಾರೇ.

ಭಾವ ಮೈಸೂರು: ಆಗಲಿ. ಮೂರು ದಿನ ನೋಡಿ. ಡಬ್ಬಿಯಲ್ಲಿ ಜಾಗ ಅದಲುಬದಲಾಗುತ್ತದೆ, ಗೇಜಿನಲ್ಲೇ ಅಳೆಯಿರಿ ಅತ್ತೆ.

(ಭಾವನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಮೆಸೇಜಿಗೆ. ಸೋಲಬಹುದಾದ ಪರೀಕ್ಷೆಯನ್ನು ಸರಿಯಾಗಿ ಮಾಡಿ ಎಂದು ತಾನೇ ಹೇಳುವವರು ನಮ್ಮ ಮನೆಯಲ್ಲಿ ಕಡಿಮೆ.)

ಅಮ್ಮ: ಮೊದಲನೇ ದಿನ. ಹಿಂದಿನ ಎಡ 33. ಮುಂದಿನ ಬಲ 32

ಅಮ್ಮ: ಎರಡನೇ ದಿನ. 33. 31

ಅಮ್ಮ: 33. 30. ಸೋಪು ನೀರನ್ನೂ ಹಾಕಿದೆ, ಸೆನ್ಸಾರ್ ಬಿಚ್ಚದೆ. ಉದ್ದಿನಹಿಟ್ಟು ಉಬ್ಬಿದ ಹಾಗೆ ನೊರೆ ಬರುತ್ತಿದೆ

ಜೊತೆಗೆ ಒಂದು ವಿಡಿಯೋ. ಸೆನ್ಸಾರಿನ ಬುಡದಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಂದರ ಮೇಲೊಂದು ಕೂರುತ್ತಿವೆ. ಚಿಕ್ಕಪ್ಪ ಬಿಚ್ಚಿ ನೋಡಿದರೆ ವಾಷರ್ ಒಂದು ಕಡೆ ಸೀಳಿತ್ತು. ಕೂರಿಸುವಾಗ ಓರೆಯಾಗಿ ಬಿಗಿದಿರಬೇಕು ಎಂದರು. ಕೂರಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಅಕ್ಕ ಮೈಸೂರಿನಲ್ಲಿ ಪಕ್ಕದಲ್ಲೇ ಕೂತು ಕೇಳಿರುತ್ತಾಳೆ.

ಭಾವ ಮೈಸೂರು: ಒಪ್ಪಿದೆ. ಹೊಸ ವಾಷರ್ ತರುತ್ತೇನೆ. ಆದರೆ ಸೆನ್ಸಾರ್ ತೆಗೆಯುವುದು ಬೇಡ. ಮೂರು ಚೆನ್ನಾಗಿ ಕೆಲಸ ಮಾಡುತ್ತಿವೆ.

ಸಣ್ಣ ಚಿಕ್ಕಪ್ಪ: ತೆಗೆಯಲೇಬೇಕು. ರಬ್ಬರ್ ವಾಲ್ವಿನ ತುದಿಯಲ್ಲಿ ಆ ಭಾರ ನೇತಾಡುತ್ತಿರುತ್ತದೆ. ಚಕ್ರ ಜೋರಾಗಿ ತಿರುಗುವಾಗ ಹೊರಕ್ಕೆ ಜಗ್ಗುತ್ತದೆ. ಇವತ್ತು ವಾಷರ್, ನಾಳೆ ವಾಲ್ವಿನ ಬುಡ. ತಿಂಗಳಿಗೆ ಒಂದು ಸಲ ಗೇಜ್ ಹಿಡಿದರೆ ಸಾಕು.

ಭಾವ ಮೈಸೂರು: ಯಾರು ಹಿಡಿಯುತ್ತಾರೆ ಮಾವ? ನಾವೆಲ್ಲ ಎರಡು ತಿಂಗಳಿಗೊಮ್ಮೆ ಬರುವವರು. ಸೆನ್ಸಾರ್ ಇರಲಿ ಅಂದದ್ದು ಅದಕ್ಕೇ.

ಅಮ್ಮ: ನಾನು ಹಿಡಿಯುತ್ತೇನೆ

ತಮ್ಮ ಮಂಗಳೂರು: ಅಮ್ಮ ಇದ್ದಾಳೆ, ಬಿಡಿ. ಕೇಸ್ ಮುಗಿಯಿತು. ಗುಂಡಿಯ ವಿಷಯದಲ್ಲಿ ನನಗೆ ಯಾರೋ ಸಾರಿ ಕೇಳಬೇಕಿತ್ತು.

ಅಕ್ಕ: ಊರಿಗೆ ಬಾ, ಹೋಳಿಗೆ ಮಾಡಿ ಹಾಕುತ್ತೇನೆ. ಅದರಲ್ಲೇ ತಿಳಿದುಕೋ.

ಪುಟ್ಟಿ: ಸ್ಟೆಪ್ನಿ ಎಷ್ಟಿದೆ? ಅದಕ್ಕೆ ಸೆನ್ಸಾರ್ ಇಲ್ಲ ಅಲ್ವಾ?

ಎಲ್ಲರ ನೀಲಿ ಟಿಕ್ ಬಂತು. ಸ್ಟೆಪ್ನಿಯನ್ನು ಕೊನೆಗೆ ಹೊರಗೆ ತೆಗೆದದ್ದು ಅಪ್ಪ. ಅದೂ ಅವರು ಆಸ್ಪತ್ರೆ ಸೇರುವ ಮೊದಲು.

ಇಪ್ಪತ್ತು ನಿಮಿಷ ಬಿಟ್ಟು ಉತ್ತರ ಬಂತು.

ಅಮ್ಮ: 12